ಶಫೀವುಲ್ಲಾ ಜೋಡಿಸಿದ ನೀರು

ಮದ್ದೂರಿನ ಅಚ್ಚುಕೂಟದಲ್ಲಿ ಶಫೀವುಲ್ಲಾ ಅಚ್ಚುಮೊಳೆ ಜೋಡಿಸಲು ನಿಂತು ಇಪ್ಪತ್ತಾರು ವರ್ಷವಾಗಿತ್ತು. ಶಿವಪುರದ ಧ್ವಜ ಸತ್ಯಾಗ್ರಹದ ಕಾಲಕ್ಕೆ ಅವನದು ಹದ್ದಿನ ಕಣ್ಣು. ಈಗ, ನಲವತ್ತನಾಲ್ಕರ ವಯಸ್ಸಿನಲ್ಲಿ, ಮೂಗಿನ ಮುಂದಿನ ಹಾಳೆಯೂ ಮಂಜು. ಹೆಂಡತಿ ತಾಹೇರಾಳನ್ನು ಬಿಟ್ಟರೆ ಇದು ಯಾರಿಗೂ ಗೊತ್ತಿರಲಿಲ್ಲ. ಕಣ್ಣು ಕಾಣದವನನ್ನು ಯಾವ ಅಚ್ಚುಕೂಟ ಇಟ್ಟುಕೊಂಡೀತು?

ಆ ವರ್ಷ ಒಂದು ಹಳೆಯ ದೊಡ್ಡ ಕಾದಂಬರಿ ಮರುಮುದ್ರಣಕ್ಕೆ ಬಂತು. ನಾಲೆ ಬರುವುದಕ್ಕೆ ಮುಂಚಿನ ಹಳ್ಳಿಯೊಂದರ ಕಥೆ. ಪುಟ ತಿರುವಿದರೆ 'ನೀರು', ಮತ್ತೆ ತಿರುವಿದರೂ 'ನೀರು'. ಪುಣ್ಯಾತ್ಮನಿಗೆ ಬರೆಯಲು ಬೇರೆ ಪದವೇ ಸಿಗಲಿಲ್ಲವೇನೋ ಎಂದು ಶಫೀವುಲ್ಲಾ ಗೊಣಗಿಕೊಂಡ. ಒಂದೊಂದೇ ಮೊಳೆ ಹುಡುಕುವ ಗೋಳು ಬೇಡವೆಂದು ಆ ಪದವನ್ನು ನಲವತ್ತು ಸಲ ಮೊದಲೇ ಜೋಡಿಸಿ, ದಾರ ಕಟ್ಟಿ ಮಗ್ಗುಲಿಗಿಟ್ಟುಕೊಂಡ. ಬರಬರುತ್ತಾ ಅದೇ ಅವನ ಊರುಗೋಲಾಯಿತು. ಸಾಲು ಮಸುಕಾದಲ್ಲಿ ಅಂದಾಜಿನ ಮೇಲೆ ಒಂದು 'ನೀರು' ಇಟ್ಟುಬಿಡುತ್ತಿದ್ದ. ಹತ್ತಕ್ಕೆ ಒಂಬತ್ತು ಸಲ ಸರಿಹೋಗುತ್ತಿತ್ತು.

ಹದಿನೇಳನೆಯ ಅಧ್ಯಾಯದ ಕರಡು ಓದಿದ ಯಜಮಾನ ಮರಿಸಿದ್ದಯ್ಯ ಎದ್ದು ಅವನ ಬಳಿಗೇ ಬಂದ.

"ಏನ್ಲಾ ಸಫೀವುಲ್ಲಾ, ಬಾವಿ ಬತ್ತಿ ಮುದುಕಿ ಸಾಯೋ ಅಧ್ಯಾಯ ಇದು. ಊರೋರು ಎದ್ರುಕೊಂಡು ನೀರಿನ ಎಸ್ರನ್ನೇ ಎತ್ತಾಕಿಲ್ಲ, 'ಅದು' ಅಂತಾರೆ. ಬರ್ದೋನು ಬೇಕಂತ್ಲೇ ಆ ಪದ ಬುಟ್ಟವ್ನೆ. ನೀನು ಒಂಬತ್ತು ಕಡೆ ನೀರು ಉಯ್ದಿದ್ದೀಯಲ್ಲೋ!"

"ಸಾಯೋಳ್ಗೆ ಒಂದ್ ಗುಟುಕಾದ್ರೂ ಸಿಗ್ಲಿ ಅಂತ, ಸ್ವಾಮಿ" ಎಂದು ಶಫೀವುಲ್ಲಾ ನಗಲು ನೋಡಿದ.

ಮರಿಸಿದ್ದಯ್ಯ ನಗಲಿಲ್ಲ. ಮೂಲ ಪುಸ್ತಕವನ್ನು ಅವನ ಕೈಗಿತ್ತು, "ಮೊದಲ್ನೇ ಸಾಲು ಓದು" ಎಂದ.

ಶಫೀವುಲ್ಲಾ ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದ, ದೂರ ಹಿಡಿದ, ಕೊನೆಗೆ ಕೆಳಗಿಟ್ಟ. ಸುಳ್ಳು ಹೇಳುವುದಕ್ಕೂ ತ್ರಾಣ ಬೇಕು, ಅದೂ ಮುಗಿದಿತ್ತು.

"ಕಾಣಾಕಿಲ್ಲ ಸ್ವಾಮಿ. ಒಂದು ವರ್ಸ ಆಯ್ತು."

ಹೇಳಿದ ಮೇಲೆ ದುಃಖಕ್ಕಿಂತ ಹೆಚ್ಚಾಗಿ ಹಾಯೆನಿಸಿತು. ಹಾಯೆನಿಸಿದ್ದಕ್ಕೆ ನಾಚಿಕೆಯಾಯಿತು.

ಯಜಮಾನ ಮುಖ ತಿರುಗಿಸಿ, "ನಾಳೆಯಿಂದ ಬರ್ಬ್ಯಾಡ ಕಣ್ಲಾ. ಇದ್ನ ಚಲುವರಾಜು ಸರಿ ಮಾಡ್ತಾನೆ" ಎಂದ. ಚಲುವರಾಜು ಇನ್ನೊಬ್ಬ ಜೋಡಣೆಗಾರ.

"ನಾನಿಟ್ಟಿದ್ದು, ನಾನೇ ತೆಗೀತೀನಿ ಬುಡಿ" ಎಂದ ಶಫೀವುಲ್ಲಾ.

ಜೋಡಿಸಿದ ಪುಟಗಳ ಮೇಲೆ ನಿಧಾನವಾಗಿ ಬೆರಳಾಡಿಸಿದ. ಅಷ್ಟೊಂದು ಸೀಸದ ಅಕ್ಷರಗಳ ನಡುವೆ ಆ ಒಂದು ಪದ ಬೆರಳಿಗೆ ಚೆನ್ನಾಗಿ ಗೊತ್ತಿತ್ತು. ಒಂದೂ ತಪ್ಪದಂತೆ ಒಂಬತ್ತನ್ನೂ ಹೆಕ್ಕಿ ಮರಿಸಿದ್ದಯ್ಯನ ಅಂಗೈಗೆ ಹಾಕಿದ. ಪಂಚೆಗೆ ಕೈ ಒರೆಸಿಕೊಂಡು, ಗೋಡೆ ಹಿಡಿಯುತ್ತಾ ಬಾಗಿಲ ಕಡೆ ನಡೆದ.