ನಮ್ಮ ಬೆನ್ನು ಬರೆದ ಹುಡುಗಿ

ನನ್ನ ಮಗಳ ಮಗಳು ಬಳ್ಳಾರಿಯಲ್ಲಿ ಚಿತ್ರ ಬರೆಯುವುದನ್ನು ಓದುತ್ತಾಳೆ. ಮಕ್ಕಳ ಪುಸ್ತಕದಲ್ಲಿ ಕಥೆಯ ಪಕ್ಕ ಚಿತ್ರವಿರುತ್ತದಲ್ಲ, ಅದನ್ನು ಕಲಿಸುವ ಕಾಲೇಜಂತೆ. ಅದಕ್ಕೂ ಕಾಲೇಜು ಬೇಕೇ ಎಂದು ನಾನು ಕೇಳಿದ್ದೆ. ಕುರುಗೋಡಿನಲ್ಲಿರುವ ಅವಳಪ್ಪನಂತೂ ಈ ಸಲದ ಚಿತ್ರಗಳು ಪಾಸಾಗದಿದ್ದರೆ ಓದು ಬಿಡಿಸಿ ಮನೆಯಲ್ಲಿ ಕೂರಿಸುತ್ತೇನೆ ಎಂದುಬಿಟ್ಟಿದ್ದ. ಅವನು ಹೇಳಿದರೆ ಮಾಡುವವನೇ. ಬೇರೆ ಯಾವ ಕೆಲಸವನ್ನೂ ಅಷ್ಟು ನೆಟ್ಟಗೆ ಮಾಡಿದ್ದು ನಾನು ಕಂಡಿಲ್ಲ.

ನೆಲ್ಲು ನಾಟಿ ಮಾಡುವ ಹೆಂಗಸೊಬ್ಬಳ ಒಂದು ದಿನದ ಕಥೆ ಕೊಟ್ಟು, ಅದಕ್ಕೆ ಚಿತ್ರ ಬರೆದು ತರಲು ಕಾಲೇಜಿನಲ್ಲಿ ಹೇಳಿದ್ದರು. ಹುಡುಗಿ ಸಿರುಗುಪ್ಪಕ್ಕೆ ಬಂದು, ಅಲ್ಲಿಂದ ದೇಶನೂರಿನ ನನ್ನ ಮನೆಗೆ ಬಂದಳು. ಬರುವ ಮೊದಲೇ ಒಂದು ಚಿತ್ರ ಬರೆದಿಟ್ಟುಕೊಂಡಿದ್ದಳು. ಕೆಂಪು ಕೆನ್ನೆ, ಬಟ್ಟಲಿನಷ್ಟು ಕಣ್ಣು, ಮುಡಿ ತುಂಬ ಹೂವು.

"ಇಕಿ ಗದ್ದಿಗೆ ಹೊಂಟಾಳೋ, ಬೀಗರ ಮನಿಗೆ ಹೊಂಟಾಳೋ?" ಎಂದೆ.

"ಫೋನಿನಾಗ ನೋಡಿ ತೆಗದೀನಿ ಅಜ್ಜಿ. ಎಲ್ರೂ ಹಿಂಗ ತೆಗೀತಾರ."

"ಹಂಗಾದ್ರ ನೀ ಯಾಕಬೇ ಬೇಕು? ಆ ಫೋನನ್ನ ಪಾಸ್ ಮಾಡ್ಲಿ."

ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ಮರುದಿನ ನಾಟಿಗೆ ಹೊರಟ ನಮ್ಮ ಹೆಂಗಸರ ಹಿಂದೆಯೇ ಗದ್ದೆಗೆ ಬಂದು ಬದುವಿನ ಮೇಲೆ ಕುಳಿತಳು. ನಾಟಿ ಮಾಡುವಾಗ ನಾವು ಬಗ್ಗಿ ಹಿಂದಕ್ಕೆ ಸರಿಯುತ್ತ ಹೋಗುತ್ತೇವೆ, ಹಚ್ಚಿದ ಸಸಿ ಎದುರಿಗೆ ಉಳಿಯುತ್ತದೆ. ಸೀರೆಯ ಮೇಲೆ ಗಂಡನದೋ ಮಗನದೋ ಹಳೆಯ ತುಂಬುತೋಳಿನ ಅಂಗಿ, ತಲೆಗೆ ಟವೆಲು. ಅವಳು ಕುಳಿತಿದ್ದ ಬದುವಿನ ಕಡೆಗೇ ನಾವು ಸರಿಯುತ್ತಿದ್ದೆವು.

"ಅಜ್ಜಿ, ಒಂದೀಟು ಈ ಕಡಿ ನೋಡಬೇ!" ಎಂದು ಕೂಗಿದಳು.

"ಮಕ ನೋಡೋದಿದ್ರ ಕೆಸರಿಗೆ ಇಳಿಯಬೇ, ನಾವ್ಯಾಕ ತಿರುಗೋಣ?" ಎಂದು ಪಕ್ಕದವಳು ನಕ್ಕಳು. ಆಮೇಲೆ ಹುಡುಗಿ ಕೂಗಲಿಲ್ಲ. ತಲೆ ತಗ್ಗಿಸಿ ಬರೆಯುತ್ತಲೇ ಇದ್ದಳು.

ಸಂಜೆ ತೋರಿಸಿದಳು. ಎಲ್ಲಾ ಬರೀ ಬೆನ್ನು. ದಪ್ಪ ದಪ್ಪ, ಗುಂಡು ಗುಂಡು, ಚೌಕಳಿ ಅಂಗಿಯ ಬೆನ್ನು.

"ನನ್ನ ಕುಂಡಿ ಇಷ್ಟು ದಪ್ಪ ಐತೇನಬೇ?"

"ಐತಿ."

"ಕುರುಗೋಡಿನ ಗುಡ್ಡದ ಗುಂಡುಗಲ್ಲು ತಂದು ಗದ್ದಿಯಾಗ ಇಟ್ಟಂಗ ಕಾಣ್ತೈತಿ."

"ಅವನ್ನ ನೋಡಿಕೊಂತನ ಬೆಳದೀನಿ. ನನ್ನ ಕೈಗೆ ಹಿಂಗೇ ಬರ್ತೈತಿ."

ಮುಖ ಹಾಕು, ಇಲ್ಲದಿದ್ದರೆ ನಿಮ್ಮಪ್ಪ ಓದು ಬಿಡಿಸುತ್ತಾನೆ ಎಂದು ಬೈದೆ. ಮುಖ ಕಂಡಿದ್ದರೆ ಬರೆಯುತ್ತಿದ್ದೆ ಎಂದಳು. ಹಟಮಾರಿ.

ಚಿತ್ರಗಳನ್ನು ಕಾಲೇಜಿನ ಗೋಡೆಗೆ ಹಚ್ಚುವ ದಿನ ಮನೆಯವರೂ ಬರಬಹುದು ಎಂದಿದ್ದರು, ನಾನೂ ಹೋದೆ. ಅವಳಪ್ಪ ಇಸ್ತ್ರಿ ಅಂಗಿ ತೊಟ್ಟು ಬಂದಿದ್ದ. ಅವಳ ಮೇಷ್ಟ್ರು ಬಳ್ಳಾರಿಯ ಬಿಸಿಲಿನಲ್ಲೂ ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡ ಆಸಾಮಿ. ಚಿತ್ರಗಳ ಮುಂದೆ ನಿಂತು ಗಲ್ಲ ಕೆರೆದುಕೊಂಡ.

"ಭಾವನೆ ಎಲ್ಲಮ್ಮಾ? ಮುಖ ಇಲ್ಲದೆ ಭಾವನೆ ಹೇಗೆ ಬರುತ್ತೆ? ಸಂಜೆಯೊಳಗೆ ಒಂದರಲ್ಲಾದರೂ ಮುಖ ಹಾಕು, ಪಾಸ್ ಮಾಡ್ತೀನಿ."

"ಹಾಕವಾ, ಸರ್ ಹೇಳಾಕತ್ಯಾರಲ್ಲ," ಎಂದ ಅವಳಪ್ಪ. ಚಿತ್ರ ಯಾವುದು, ಗೋಡೆ ಯಾವುದು ಎಂದೂ ಅವನು ನೋಡಿರಲಿಲ್ಲ.

ಹುಡುಗಿ ಹೇಳಿದಳು: "ಹಾಕಲ್ಲ ಸರ್. ಆಕಿ ಸಂಜೀಮಟ ತಲಿ ಎತ್ತಲ್ಲ. ನಾ ಮಕ ಹಾಕಿದ್ರ ಆಕಿ ಕೆಲಸ ಬಿಟ್ಟು ನಿಮ್ಮನ್ನ ನೋಡ್ಕೊಂತ ನಿಂತಂಗ ಆಗ್ತೈತಿ."

ಮೇಷ್ಟ್ರು ಮೊದಲಿನಿಂದ ಇನ್ನೊಮ್ಮೆ ನೋಡುತ್ತ ಹೋದ.

"ನಾನಾಗಿದ್ದರೆ ಹಾಕ್ತಿದ್ದೆ."

"ನೀವು ಹಾಕ್ತಿದ್ರಿ ಸರ್."

ಪಾಸು ಮಾಡಿದ. ಅಂಕವನ್ನು ಧಾರಾಳವಾಗಿಯೇನೂ ಕೊಡಲಿಲ್ಲ. ಅಲ್ಲಿಯವರೆಗೆ ಗೋಡೆ ಒರಗಿ ನಿಂತಿದ್ದ ಅವಳಪ್ಪ ಈಗ ದಾರಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ, ನಮ್ಮ ಹುಡುಗಿ, ನಮ್ಮ ಹುಡುಗಿ ಎಂದು ತೋರಿಸತೊಡಗಿದ. ನಾಚಿಕೆಯಿಲ್ಲದವನು. ಕೊನೆಗೆ ಅವಳ ಹತ್ತಿರ ಬಂದು, "ನಂದೂ ಒಂದು ತೆಗಿಯವಾ. ಸ್ವಲ್ಪ ತೆಳ್ಳಗ ತೆಗಿ," ಎಂದ.

"ಇದ್ದಂಗ ತೆಗೀತೀನಿ. ಬೇಕಾದ್ರ ಕುಂದರ್ರಿ."

ಹೊಟ್ಟೆ ಒಳಗೆಳೆದುಕೊಂಡು ಕುಳಿತ.