ಪುಕ್ಕಟೆ ಕಾಲೇಜಿನ ಡಬ್ಬಿ

"ಸರ್ಕಾರಿ ಕಾಲೇಜ ರೀ, ಪುಕ್ಕಟೆ ಬಿಎ," ಎಂದು ಅಪ್ಪ ಕಟ್ಟೆಯ ಮೇಲೆ ಕೂತು ಕಂಡಕಂಡವರಿಗೆಲ್ಲ ಹೇಳುತ್ತಿದ್ದ. ಅವನು ನಮ್ಮೂರ ಪ್ರಾಥಮಿಕ ಶಾಲೆಯ ಮಾಸ್ತರ. ಎಂಬತ್ತರ ದಶಕದ ಕೊನೆ. ನಾನು ಚಿಕ್ಕೋಡಿಯಲ್ಲಿ ಖೋಲಿ ಹಿಡಿದು ಓದುತ್ತಿದ್ದೆ. ಫೀ ಅಂಥದ್ದೇನೂ ಇರಲಿಲ್ಲ, ನಿಜ. ಆದರೆ ಖೋಲಿ ಬಾಡಿಗೆ, ಪುಸ್ತಕ ಎಂದು ಕೊಟ್ಟ ಮೇಲೆ ಖಾನಾವಳಿಗೆ ಏನೂ ಉಳಿಯುತ್ತಿರಲಿಲ್ಲ. ಸ್ಕಾಲರ್‌ಶಿಪ್ ಕೇಳೋಣವೆಂದರೆ ಅಪ್ಪನ ಪಗಾರದ ಚೀಟಿ ಸುಳ್ಳು ಹೇಳುವುದಿಲ್ಲ. ಹತ್ತಾರು ಎಕರೆ ಕಬ್ಬಿದ್ದ ಸಾವಕಾರನ ಮಗ ಮಾತ್ರ ಬಡವನೆಂದು ದಾಖಲೆ ತಂದು, ಆ ದುಡ್ಡಿನಲ್ಲಿ ಹೋಟೆಲಿನ ಪೂರಿ ತಿನ್ನುತ್ತಿದ್ದ.

ನನಗೆ ಊರಿಂದ ಡಬ್ಬಿ ಬರುತ್ತಿತ್ತು. ನಮ್ಮ ಕಡೆ ಅದೇ ರೂಢಿ. ರೊಟ್ಟಿಯ ಡಬ್ಬಿಯನ್ನು ಬಸ್ಸಿನ ಡ್ರೈವರನ ಕೈಗೆ ಕೊಟ್ಟರೆ ಓದುವ ಹುಡುಗರು ಸ್ಟ್ಯಾಂಡಿನಲ್ಲಿ ಇಳಿಸಿಕೊಳ್ಳುತ್ತಿದ್ದರು; ಸಂಜೆ ಖಾಲಿ ಡಬ್ಬಿ ವಾಪಸ್. ಅವ್ವ ರೊಟ್ಟಿ ಬಡಿದಿಟ್ಟು ಹೊಲಕ್ಕೆ ಹೋಗುತ್ತಿದ್ದಳು. ಬಸ್ಸಿಗೆ ಕೊಡುವವಳು ಹತ್ತನೇ ಇಯತ್ತೆಯ ನನ್ನ ತಂಗಿ. ಬಸ್ಸು ಬರುವ ಹೊತ್ತಿಗೇ ಅವಳ ಹೈಸ್ಕೂಲಿನ ಗಂಟೆ. ಆ ಬಸ್ಸೋ, ಎಂದೂ ವೇಳೆಗೆ ಬಂದದ್ದಲ್ಲ.

ಅಪ್ಪನ ಶಾಲೆ ಬಸ್ಸು ನಿಲ್ಲುವ ಜಾಗದ ಎದುರಿಗೇ ಇತ್ತು. "ನೀವ ಕೊಡ್ರಿ," ಎಂದು ಅವ್ವ ಒಮ್ಮೆ ಕೇಳಿದ್ದಳು.

"ಮಾಸ್ತರ ಡಬ್ಬಿ ಹಿಡಕೊಂಡ ರಸ್ತೇದಾಗ ನಿಂತ್ರ ಮಂದಿ ಏನಂದಾರು?"

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಊರ ಮಕ್ಕಳಿಗೆಲ್ಲ ತಡವಾಗಿ ಬಂದರೆ ಛಡಿ ಏಟು ಕೊಡುವ ಮನುಷ್ಯ, ತನ್ನ ಮಗಳು ದಿನಾ ತಡವಾಗಿ ಶಾಲೆಗೆ ಓಡುವುದನ್ನು ಕಿಟಕಿಯಿಂದ ನೋಡುತ್ತಿದ್ದ. ನಾನೇನು ಕಡಿಮೆ? "ರೊಟ್ಟಿ ಬಿರುಸಾಗಿದ್ದವು, ಪಲ್ಲೆಕ್ಕ ಉಪ್ಪಿಲ್ಲ" ಎಂದು ಖಾಲಿ ಡಬ್ಬಿಯೊಳಗೆ ಚೀಟಿ ಬರೆದಿಟ್ಟು ಕಳಿಸುತ್ತಿದ್ದೆ. ಎಂಥ ನವಾಬ! ಇಂದು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆ.

ತಂಗಿ ಹತ್ತನೆಯದರಲ್ಲಿ ಫೇಲಾದಳು, ಗಣಿತ ಒಂದರಲ್ಲೇ. "ಹುಡಗೀಗಿ ತಲಿ ಇಲ್ಲ, ಮನ್ಯಾಗ ಇರ್ಲಿ," ಎಂದ ಅಪ್ಪ. ಬಿಎ ಓದುವ ನಾನು ವಿದ್ವಾಂಸನ ಹಾಗೆ ತಲೆಯಾಡಿಸಿದೆ. ಮರುವರ್ಷದಿಂದ ಅವಳು ಮನೆಯಲ್ಲೇ ಉಳಿದಳು. ಅವ್ವನ ಜೊತೆ ರೊಟ್ಟಿ ಬಡಿಯುವುದೂ ಅವಳ ಪಾಲಿಗೆ ಬಂತು. ರೊಟ್ಟಿ ಮೆತ್ತಗಾದವು, ಉಪ್ಪೂ ಸರಿಹೋಯಿತು. ನಾನು ಚೀಟಿ ಬರೆಯುವುದನ್ನು ಬಿಟ್ಟೆ.

ನಾನು ಬಿಎ ಪಾಸಾದ ದಿನ ಅವಳೇ ಊಟಕ್ಕೆ ಬಡಿಸಿದಳು. ಖುಷಿಯಲ್ಲಿದ್ದ ನಾನು ದೊಡ್ಡವನಂತೆ ಕೇಳಿದೆ: "ಎಲ್ಲಾದ್ರಾಗೂ ಪಾಸ್ ಆಗಿದ್ದಿ. ಗಣಿತ ಒಂದ ಯಾಕ ಹೋತು ನಿಂದು?"

"ಮೊದಲನೇ ತಾಸ ಗಣಿತ ಇತ್ತಣ್ಣಾ. ದಿನಾ ಆ ತಾಸಿಗೆ ನಾ ಬಸ್ಸಿನ ದಾರಿ ಕಾಯಕೊಂತ ನಿಂತಿರತಿದ್ನಿ," ಎಂದಳು, ಇನ್ನೊಂದು ರೊಟ್ಟಿ ಹಾಕುತ್ತ.

ಅಪ್ಪ ಪಕ್ಕದಲ್ಲೇ ಉಣ್ಣುತ್ತಿದ್ದ. ಪಲ್ಲೆ ಬೇಡಿದ. ನಾನೂ ಆ ರೊಟ್ಟಿಯನ್ನು ಉಂಡು ಎದ್ದೆ.