ತಲೆಕಟ್ಟಿನಲ್ಲಿ ಕಳೆದುಹೋದ ಹನುಮಮ್ಮ

ಬೆಳಗಿನ ಆರು ಗಂಟೆ. ಬಳ್ಳಾರಿಯ ಸತ್ಯನಾರಾಯಣಪೇಟೆಯ ಒಂದು ಟ್ರಸ್ಟ್ ಆಸ್ಪತ್ರೆ. ಇಲ್ಲಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಸುಮಂಗಲಾ ನೋಂದಣಿ ಕೌಂಟರಿನ ಕೆಳಗೆ ಮಂಡಿಯೂರಿ, ಯಾರೋ ಕಿತ್ತ ಕಂಪ್ಯೂಟರಿನ ಪ್ಲಗ್ಗನ್ನು ಮತ್ತೆ ಸಿಕ್ಕಿಸುತ್ತಿದ್ದಾರೆ. ಅದರ ಜಾಗದಲ್ಲಿ ಕೆಟಲ್ ಸಿಕ್ಕಿಸಿ ಯಾರೋ ಚಹಾಕ್ಕೆ ನೀರು ಕಾಯಿಸುತ್ತಿದ್ದರು.

“ಕಂಪ್ಯೂಟರ್ ಸತ್ತೈತಿ ಅಂತ ಫೋನ್ ಮಾಡ್ತಾರ. ಕೊಂದವರು ಯಾರಂತ ಮಾತ್ರ ಹೇಳಂಗಿಲ್ಲ,” ಎನ್ನುತ್ತಾರೆ, ಅವರ ಕೆಲಸ ನೋಡಿ ಬರೆಯಲು ಬಂದ ನನಗೆ.

ನಗುವಷ್ಟು ಹೊತ್ತು ಇಂದು ಅವರಿಗಿಲ್ಲ. ಎಂಟಕ್ಕೆ ಕೆಂಚನಗುಡ್ಡದ ಹನುಮಮ್ಮನವರಿಗೆ ಶಸ್ತ್ರಚಿಕಿತ್ಸೆ. ಎರಡು ವರ್ಷದ ಹಿಂದೆ ಇದೇ ಆಸ್ಪತ್ರೆಯ ಸಿರುಗುಪ್ಪ ಶಾಖೆಯಲ್ಲಿ ಯಾವುದೋ ಸೂಜಿಗೆ ಅವರ ಮೈಯೆಲ್ಲ ಊದಿ ಉಸಿರು ಕಟ್ಟಿತ್ತು. ಯಾವ ಸೂಜಿ ಎಂದು ಅವರಿಗೆ ಗೊತ್ತಿಲ್ಲ. ಚೀಟಿ ಕಳೆದಿದೆ. ಶಾಖೆಗಳಿಗೆಲ್ಲ ಒಂದೇ ಆದ ಕಂಪ್ಯೂಟರ್ ದಾಖಲೆಯಲ್ಲಿ ಅವರ ಹೆಸರೇ ಸಿಗುತ್ತಿಲ್ಲ. ಅದು ಗೊತ್ತಾಗದೆ ವೈದ್ಯರು ಕೈಹಾಕುವಂತಿಲ್ಲ, ತಡಮಾಡುವಂತೆಯೂ ಇಲ್ಲ.

ಬಳ್ಳಾರಿ, ಸಿರುಗುಪ್ಪ, ಕುರುಗೋಡು, ಮೂರೂ ಕಡೆಯ ನಲವತ್ತಾರು ಕಂಪ್ಯೂಟರುಗಳಿಗೆ ಸುಮಂಗಲಾ ಒಬ್ಬರೇ. ದಿನಕ್ಕೆ ಮೂವತ್ತು ಕರೆಗಳಾದರೂ ಬರುತ್ತವೆ. ತಂದೆ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಹಮಾಲರಾಗಿದ್ದರು. ಮಗಳು ಹಗಲು ಜೆರಾಕ್ಸ್ ಅಂಗಡಿಯಲ್ಲಿ ದುಡಿದು, ಸಂಜೆ ತರಗತಿಯಲ್ಲಿ ಡಿಪ್ಲೊಮಾ ಮುಗಿಸಿದರು. ಈ ಕೆಲಸಕ್ಕೆ ಬಂದು ಹದಿನಾಲ್ಕು ವರ್ಷ. ಕುರುಗೋಡಿನವರು ಪಾಸ್‌ವರ್ಡನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿದ್ದರು. ಇವರು ಬೈದ ಮೇಲೆ ಕ್ಯಾಲೆಂಡರನ್ನು ತಿರುವಿ ಹಾಕಿದ್ದಾರಂತೆ.

ಆರೂವರೆಗೆ ಸಿರುಗುಪ್ಪದ ಗುಮಾಸ್ತ ಉಮಾಪತಿಗೆ ಫೋನ್.

“ಹನುಮಮ್ಮನ ಹೆಸರು ಬರ್ದಿದ್ದು ಖರೇನ ಅಣ್ಣಾ?”

“ಕೈಯಾರ ಬರ್ದೀನಿ ಮೇಡಂ. ನಿಮ್ಮ ಕಂಪ್ಯೂಟರ್ ನುಂಗೇತಿ.”

“ಸೂಜಿ ಹೆಸರು?”

“ಅದೆಲ್ಲಿ ನೆನಪಿರ್ತೈತಿ? ಇಲ್ಲಿ ಸಾಲು ನಿಂತೈತಿ, ಹುಡುಕೋದು ನಿಮ್ಮ ಕೆಲಸ. ತಗೋರಿ, ಈಗ ಕಂಪ್ಯೂಟರಿನಾಗ ಬರ್ದ ಹೆಸರಿನ ಫೋಟೊ ಕಳಸ್ತೀನಿ. ಎಲ್ಲಿ ತಪ್ಪೈತಿ ತೋರಸ್ರಿ!”

ಫೋಟೊದಲ್ಲಿ ಗವಿಸಿದ್ದಪ್ಪ ಎಂಬ ಹೆಸರಿದೆ. ನನಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಸುಮಂಗಲಾ ಅದನ್ನು ದೊಡ್ಡದು ಮಾಡಿ ‘ಗ’ ಅಕ್ಷರದ ಮೇಲೆ ಬೆರಳಿಡುತ್ತಾರೆ. ಅದರ ತಲೆಕಟ್ಟು ಮೇಷ್ಟ್ರು ಹಾಕುವ ಸರಿ ಗುರುತಿನ ಹಾಗಿದೆ. ಕನ್ನಡದ್ದಾದರೆ ಅಡ್ಡಗೆರೆಯಂತೆ ಇರಬೇಕಿತ್ತು; ಅದು ತೆಲುಗು.

ಆಂಧ್ರದ ಕಡೆಯ ರೋಗಿಗಳಿಗಾಗಿ ಆ ಕಂಪ್ಯೂಟರಿನಲ್ಲಿ ತೆಲುಗೂ ಇದೆ. ಒಂದು ಕೀಲಿ ತಪ್ಪಿ ಒತ್ತಿದರೆ ಲಿಪಿ ಬದಲಾಗುತ್ತದೆ. ನಮ್ಮ ಊರಿನವರ ಕಣ್ಣು ಎರಡನ್ನೂ ಒಂದೇ ಓಟದಲ್ಲಿ ಓದುತ್ತದೆ. ಕಂಪ್ಯೂಟರಿಗೆ ಮಾತ್ರ ಇಬ್ಬರು ಬೇರೆ ಬೇರೆ ಹನುಮಮ್ಮಂದಿರು.

ಸುಮಂಗಲಾ ತೆಲುಗಿನಲ್ಲಿ ಹೆಸರು ಒತ್ತುತ್ತಾರೆ. ಕಡತ ತೆರೆಯುತ್ತದೆ: ಪೆನ್ಸಿಲಿನ್ ಕೊಡಕೂಡದು. ಅವರು ಮೆಟ್ಟಿಲು ಹತ್ತಿ ಓಡುತ್ತಾರೆ. ವೈದ್ಯರು ಟ್ರೇಯಿಂದ ಒಂದು ಸೂಜಿಯನ್ನು ತೆಗೆಸಿ ಬೇರೆ ತರಿಸುತ್ತಾರೆ.

ವಿಷಯ ತಿಳಿದ ಉಮಾಪತಿ, “ಐತಿ ಅಂತ ನಾ ಹೇಳಿದ್ದಿಲ್ಲೇನು?” ಎಂದು ಫೋನ್ ಇಡುತ್ತಾರೆ.

ಹೊರಡುವಾಗ, ಶಸ್ತ್ರಚಿಕಿತ್ಸೆಗೆ ಕಾಯುತ್ತ ಇನ್ನೂ ವಾರ್ಡಿನಲ್ಲೇ ಇದ್ದ ಹನುಮಮ್ಮ ಕೂಗುತ್ತಾರೆ: “ಕರೆಂಟಿನಾಕಿ ಏನವ್ವಾ ನೀನು? ಫ್ಯಾನ್ ತಿರುಗವಲ್ದು, ನೋಡಬಾ ಇಲ್ಲಿ.”

ಸುಮಂಗಲಾ ಹೋಗಿ ಸ್ವಿಚ್ ಒತ್ತುತ್ತಾರೆ. ಗಾಳಿ ಬರುತ್ತದೆ. ‘ನೀವು ಯಾರು, ಏನು ಮಾಡಿದಿರಿ ಅಂತ ಆಕೆಗೆ ಹೇಳಬಹುದಿತ್ತಲ್ಲ?’ ಎಂದು ನಾನು ಕೇಳಿದೆ.

“ಹೇಳಿ ಆಕಿನ್ನ ಹೆದರಿಸಬೇಕೇನ್ರಿ? ಆಕಿಗೆ ಸೂಜಿ ತಪ್ಪಿತು, ಸಾಕು,” ಎಂದು ಕೈ ಒರೆಸಿಕೊಳ್ಳುತ್ತಾರೆ. “ಮತ್ತ ಬೆಳಿಗ್ಗಿಂದ ಒಂದ ಸಲಕ್ಕ ಸರಿಹೋಗಿದ್ದು ಈ ಫ್ಯಾನ್ ಒಂದ ನೋಡ್ರಿ.”